ಸಾಯದ ಕಾಡುರಾಗಿ

ಅವತ್ತು ಬೆಳಿಗ್ಗೆ ನಮ್ಮ ಯಜಮಾನರು ಬದುವಿನ ಮೇಲೆ ಕೂತು ಕಾಫಿ ಕುಡಿದರು. ಅವರು ಚೆನ್ನಾಗಿದ್ದ ಕಡೇ ದಿನ ಅದು. ಅವರ ಹೆಸರು ಚಿಕ್ಕಹನುಮಯ್ಯ. ಕೆಂಗೇರಿ ಹಿಂದೆ, ಅಪಾರ್ಟ್‌ಮೆಂಟುಗಳ ಮಧ್ಯೆ ಉಳಿದ ನಮ್ಮ ಅರ್ಧ ಎಕರೆಯಲ್ಲಿ ಪ್ರತಿ ವರ್ಷ ರಾಗಿ ಬಿತ್ತುತ್ತಿದ್ದರು. ಜಾಗ ಕೇಳಿಕೊಂಡು ಬಂದವರಿಗೆ, "ರಾಗಿ ಬೇಕಾದ್ರೆ ಕೇಳಿ ಸಾಮಿ, ಕೊಡ್ತೀನಿ" ಎಂದು ನಗುತ್ತಿದ್ದರು.

ಬಿತ್ತುವ ಮುಂಚೆ ಕಳೆ ಔಷಧಿ ಹೊಡೆಯುತ್ತಿದ್ದರು. ಎಷ್ಟೋ ವರ್ಷದಿಂದ ಒಂದೇ ಔಷಧಿ. ಮೊದಮೊದಲು ಎಲ್ಲ ಒಣಗುತ್ತಿತ್ತು. ಆಮೇಲೆ ಕಾಡುರಾಗಿ ಅಲ್ಲೊಂದು ಇಲ್ಲೊಂದು ಉಳಿಯಿತು. ನೋಡಲು ರಾಗಿ ಪೈರಿನಂತೆಯೇ ಇರುವ ಹುಲ್ಲು ಅದು. ತೆನೆ ಬಂದ ಮೇಲೆ ಕಿತ್ತು ಹಸುವಿಗೆ ಹಾಕುತ್ತಿದ್ದರು, ಹಸಿರು ಮೇವು ಯಾಕೆ ಹಾಳು ಎಂದು. ಬೀಜ ಸಗಣಿಯಲ್ಲಿ ತಿಪ್ಪೆಗೆ ಹೋಯಿತು, ಗೊಬ್ಬರದ ಜೊತೆ ಮತ್ತೆ ಹೊಲಕ್ಕೆ ಬಂತು. ಸತ್ತ ಗಿಡ ಬೀಜ ಬಿಡುವುದಿಲ್ಲ. ಸಾಯದೆ ಉಳಿದದ್ದರ ಬೀಜವೇ ವರ್ಷ ವರ್ಷ ಹೊಲ ತುಂಬಿತು. ಅದರಿಂದ ಹುಟ್ಟಿದ್ದೂ ಸಾಯಲಿಲ್ಲ.

ಯಜಮಾನರು ಲೋಟ ಕೆಳಗಿಟ್ಟು ಹೊಲ ನೋಡಿದರು. ಔಷಧಿ ಹೊಡೆದು ಆಗಲೇ ಬಹಳ ದಿನವಾಗಿತ್ತು. ಇನ್ನೂ ಬಿತ್ತಿರಲಿಲ್ಲ, ಆದರೂ ಇಡೀ ಹೊಲ ಕಾಡುರಾಗಿಯಿಂದ ಹಸಿರು.

"ನನ್ನೇ ನೋಡಿ ನಗ್ತೈತೆ ಕಣೇ ಇದು."

"ಕೈಯಲ್ಲೇ ಕೀಳೋಣ ಬಿಡಿ. ಇಬ್ರಿದೀವಲ್ಲ."

"ನಿನ್ ಸೊಂಟ ಹಿಡ್ಕೊಂಡ್ರೆ ಮುದ್ದೆ ತಿರುವೋರು ಯಾರು? ಉದಯಕುಮಾರ್ ಅಂಗಡೀಲಿ ಹಳೇದಕ್ಕಿಂತ ಜೋರಾದ ಔಷಧಿ ಬಂದೈತಂತೆ."

ಮರುದಿನ ತಂದರು. ನೀರು ಕಡಿಮೆ, ಔಷಧಿ ಜಾಸ್ತಿ ಬೆರೆಸಿದರು. ಬೆನ್ನಿಗೆ ಹಾಕಿದ್ದ ಪಂಪು ಸೋರಿ ಅಂಗಿ ಒದ್ದೆಯಾಗಿತ್ತು.

"ಅಂಗಿ ಬಿಚ್ಚಿ, ಮೈ ತೊಳ್ಕೊಳಿ" ಅಂದೆ.

"ಇನ್ನೊಂದ್ ಪಂಪು ಅಷ್ಟೇ. ಆಮೇಲೆ ನೀನೇ ಬೆನ್ನು ಉಜ್ಜೀವಂತೆ."

ಹೊಲ ಪೂರ್ತಿ ಮುಗಿಸಿಯೇ ಬಂದರು. ಸಂಜೆಗೆ ಬೆನ್ನು ಸುಟ್ಟ ಹಾಗೆ ಕೆಂಪಾಗಿತ್ತು. ಬರಬರುತ್ತಾ ಉಸಿರಾಡುವುದು ಕಷ್ಟವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ನಾನು ಒಯ್ದಿದ್ದ ಔಷಧಿ ಬಾಟಲಿಯ ಮೇಲಿನ ಹೆಸರು ಓದಿದರು. "ಇದು ಶ್ವಾಸಕೋಶಕ್ಕೆ ಇಳಿದಿದೆಯಮ್ಮ. ಇದಕ್ಕೆ ಮದ್ದಿಲ್ಲ" ಅಂದರು. ಯಜಮಾನರು ಅಲ್ಲೇ ತೀರಿಕೊಂಡರು.

ತಿಥಿ ಮುಗಿಸಿ ಹೊಲಕ್ಕೆ ಹೋದೆ. ಮೇಲೆಲ್ಲ ಸುಟ್ಟ ಹುಲ್ಲು. ಕೂತು ಬಿಡಿಸಿ ನೋಡಿದೆ. ಬುಡದಲ್ಲಿ ಚಿಗುರು ಬರುತ್ತಿತ್ತು.

ಈಗ ದಿನಾ ಬೆಳಿಗ್ಗೆ, ಮಣ್ಣು ಹಸಿ ಇರುವಾಗಲೇ, ಕುಡುಗೋಲು ಹಿಡಿದು ಹೋಗುತ್ತೇನೆ. ತೆನೆ ಬರುವ ಮುಂಚೆ ಕಾಡುರಾಗಿಯ ಬುಡಕ್ಕೆ ಅದರ ತುದಿ ಚುಚ್ಚಿ ಬೇರು ಸಮೇತ ಕೀಳುತ್ತೇನೆ. ಬೇಲಿಯಾಚೆ ಖಾಲಿ ಸೈಟಿಗೂ ಅದು ಹಬ್ಬಿದೆ. ತಂತಿಯ ಸಂದಿಯಲ್ಲಿ ಕೈ ತೂರಿಸಿ, ಸಿಕ್ಕಷ್ಟನ್ನು ಅಲ್ಲಿಂದಲೂ ಕೀಳುತ್ತೇನೆ.