ಮಧ್ಯಾಹ್ನ ಮಾತ್ರ ಕೆಡುವ ಡಿಸ್ಕು

ಓಖ್ಲಾದ ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರ ಹೋಟೆಲಿದೆ. ನಾನು ಅವರನ್ನು ಮಾಮ ಎನ್ನುತ್ತೇನೆ. ದೆಹಲಿಗೆ ಬಂದ ಹೊಸದರಲ್ಲಿ ಅವರೂ ಮಾಮಿಯೂ ನನ್ನನ್ನು ಹಸಿವಿನಿಂದಿರಲು ಬಿಟ್ಟವರಲ್ಲ. ಹೋಟೆಲಿನ ಬಿಲ್ಲು, ಕ್ಯಾಮೆರಾಗಳಿಗೆಂದು ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಟ್ಟವನು ನಾನೇ. ಮಾಮಿ ತೀರಿಕೊಂಡ ಮೇಲೆ ಅದು ತನ್ನ ಆಗುಹೋಗು ಬರೆದಿಡುವ ಲಾಗಿನಲ್ಲಿ ಡಿಸ್ಕ್ ಎರರ್‌ಗಳು ಕಾಣಿಸತೊಡಗಿದವು.

ಆ ಡಿಸ್ಕಿನಲ್ಲಿ ಮಾಮಿಯ ಅಡುಗೆಯ ವಿಡಿಯೊಗಳಿದ್ದವು. ಹೊಸ ಅಡುಗೆಯವರಿಗೆ ಕಲಿಸಲೆಂದು ಅವರ ಮಗಳು ತೆಗೆದದ್ದು, ಬೇರೆಲ್ಲೂ ಪ್ರತಿಯಿಲ್ಲ. ಕೇಳಿ ನನಗೆ ರೇಗಿತು. ಒಂದೇ ಡಿಸ್ಕನ್ನು ನಂಬಿ ಕೂರುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಬಿಲ್ಲೆಲ್ಲ ಹೋದ್ರೆ ಹೋಗ್ಲಿ ಮಾರಾಯ, ಅವಳದ್ದೊಂದು ಉಳಿಸಿಕೊಡು" ಎಂದರು ಮಾಮ. ಬೈಯುವ ಬದಲು ಹೊಸ ಡಿಸ್ಕೊಂದನ್ನು ಕೊಂಡು ತಂದೆ.

ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ನಾನು ಹೋಗುತ್ತಿದ್ದೆ. ವಿಡಿಯೊಗಳನ್ನು ಬೇರೆ ಡಿಸ್ಕಿಗೆ ಹಾಕಲು ಹೊರಟರೆ ಅರ್ಧಕ್ಕೇ ನಿಲ್ಲುತ್ತಿತ್ತು. ಪರೀಕ್ಷೆ ಮಾಡಿದರೆ ಡಿಸ್ಕು ಸರಿಯಾಗಿಯೇ ಇದೆ ಎಂಬ ವರದಿ. ಜ್ವರವಿಲ್ಲದೆ ನಡುಗುವ ರೋಗಿಯ ಹಾಗೆ. ಕೇಬಲ್ ಬದಲಿಸಿದೆ. ಎರರ್‌ಗಳೆಲ್ಲ ಮಧ್ಯಾಹ್ನದವೇ ಎಂದು ಲಾಗ್ ಹೇಳುತ್ತಿತ್ತು. ದೆಹಲಿಯ ಸೆಕೆಯ ಮೇಲೆ ತಪ್ಪು ಹೊರಿಸಿ ಒಂದು ಫ್ಯಾನನ್ನೂ ಇಟ್ಟೆ. ಏನೂ ಉಪಯೋಗವಾಗಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ದಿನ ಕೆಲಸದ ನಡುವೆ ಕರೆಂಟು ಹೋಯಿತು. ಸರ್ವರ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಅಲ್ಲಿಯವರೆಗೆ ತೆವಳುತ್ತಿದ್ದ ಪ್ರತಿ ಮಾಡುವ ಕೆಲಸ ಸರಸರನೆ ಓಡಿ ಪೂರ್ತಿಯಾಯಿತು. ಕರೆಂಟು ಬಂದದ್ದೇ ಗೋಡೆಯಾಚೆ ಅಡುಗೆಮನೆಯಲ್ಲಿ, ದಿನವೂ ಮಧ್ಯಾಹ್ನವೇ ತಿರುಗುವ ದೋಸೆ ಹಿಟ್ಟಿನ ಗ್ರೈಂಡರ್ ಗುಡುಗಿತು, ಲಾಗಿನಲ್ಲಿ ಎರರ್ ಸಾಲುಗಟ್ಟಿತು. ಗೋಡೆಗೆ ಕೈಯಿಟ್ಟೆ. ಗೋಡೆ ನಡುಗುತ್ತಿತ್ತು. ಅದಕ್ಕೆ ಹೊಡೆದ ಹಲಗೆಯ ಮೇಲೆಯೇ ಸರ್ವರ್ ಇತ್ತು. ಆ ನಡುಕಕ್ಕೇ ಡಿಸ್ಕು ತಡವರಿಸುತ್ತಿತ್ತು.

ಆದರೂ ಒಂದು ವಿಷಯ ಬಗೆಹರಿಯಲಿಲ್ಲ. ಗ್ರೈಂಡರ್ ಹಳೆಯದು, ಗೋಡೆಯೂ ಹಳೆಯದು. ಮಾಮಿ ಇದ್ದಾಗ ಒಂದೂ ಎರರ್ ಏಕೆ ಬರಲಿಲ್ಲ?

ಪ್ರತಿಯಾದ ವಿಡಿಯೊ ಸರಿಯಿದೆಯೇ ಎಂದು ನೋಡಲು ಮಾಮನನ್ನು ಕೂರಿಸಿಕೊಂಡು ಹಾಕಿದೆ. ಮಾಮಿ ಸೆರಗು ಸಿಕ್ಕಿಸಿಕೊಂಡು ಬಂದರು. ನೆನೆದ ಅಕ್ಕಿ ಹಾಕುವ ಮುಂಚೆ ಬಗ್ಗಿ, ಮಡಿಸಿದ ಗೋಣಿಚೀಲವೊಂದನ್ನು ಗ್ರೈಂಡರಿನ ಅಡಿಗೆ ತುರುಕಿ, ಕಾಲಿನಿಂದ ಒತ್ತಿ, ಆಮೇಲೆ ಸ್ವಿಚ್ ಹಾಕಿದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವಿಡಿಯೊದಲ್ಲೂ ಹಾಗೆಯೇ.

ಮಾಮ ವಿಡಿಯೊ ನಿಲ್ಲಿಸಲು ಹೇಳಿದರು.

"ಅವಳು ಹೋದ ಮೇಲೆ ಅಡುಗೆಮನೆ ತೊಳೆಸಿದೆ ನೋಡು, ಆಗ ಅದನ್ನು ನಾನೇ ಬಿಸಾಡಿದ್ದು. ಕೊಳಕು ಅಂತ. ಎಂತಕ್ಕೆ ಇಡ್ತಿ ಅಂತ ಒಂದು ದಿನವೂ ಕೇಳಿದವನಲ್ಲ ನಾನು."

ಎದ್ದು ಅಡುಗೆಮನೆಗೆ ಹೋದರು. "ಭಯ್ಯಾ, ಬಂದ್ ಕರೋ" ಎಂದು ಅಡುಗೆಯವನಿಗೆ ಹೇಳಿ ಗ್ರೈಂಡರ್ ನಿಲ್ಲಿಸಿದರು. ಅಕ್ಕಿಯ ಖಾಲಿ ಗೋಣಿಯೊಂದನ್ನು ತಂದು, ಮಂಡಿಯೂರಿ, ವಿಡಿಯೊದಲ್ಲಿ ಕಂಡ ಹಾಗೆಯೇ ಮಡಿಸಿ ಅಡಿಗೆ ತುರುಕಿದರು. ಕಾಲಿನಿಂದ ಒತ್ತಿ ತಾವೇ ಸ್ವಿಚ್ ಹಾಕಿದರು.

ಲಾಗಿನಲ್ಲಿ ಹೊಸ ಎರರ್ ಬರಲಿಲ್ಲ. ಹೇಳಲೆಂದು ಒಳಗೆ ಹೋದೆ. ಮಾಮ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ಹಿಟ್ಟು ರುಬ್ಬಿ ಮುಗಿಯುವವರೆಗೂ ಆ ಕೈ ತೆಗೆಯಲಿಲ್ಲ.