ಮುಂಬಾಗಿಲ ಪೊರಕೆ

ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ದ್ರಾಕ್ಷಿ ತೋಟಗಳ ನಡುವೆ ಏದುಸಿರು ಬಿಡುತ್ತಾ ಗುಡ್ಡ ಹತ್ತಿ, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಒಂದು ಮನೆ ಸಿಕ್ಕಿತು. ಅಲ್ಲಿ ಊಟ ಸಿಗುತ್ತದೆ ಎಂದು ಜೊತೆಯವರು ಹೇಳಿದ್ದರು. ಎಲ್ಲರಿಗಿಂತ ಮುಂದೆ ಹೋದವಳು ನಾನೇ. ನೋಡಿದರೆ ಮುಂಬಾಗಿಲ ಪಕ್ಕದ ಗೋಡೆಗೆ ಒಂದು ಪೊರಕೆ! ನಮ್ಮ ಕಡ್ಡಿ ಪೊರಕೆಯಂಥದ್ದೇ, ಉದ್ದ ಕೋಲಿನದು, ಕಬ್ಬಿಣದ ಬಳೆಗೆ ಸಿಕ್ಕಿಸಿದ್ದರು, ಕಡ್ಡಿಗಳೆಲ್ಲ ಮೇಲಕ್ಕೆ. ಊಟಕ್ಕೆ ಬಂದ ಜನ ಮೊದಲು ನೋಡಬೇಕಾದ್ದು ಪೊರಕೆಯನ್ನೇ? ಯಾರೋ ಕೆಲಸದವರು ಮರೆತಿದ್ದಾರೆ, ಪಾಪ, ಬೈಸಿಕೊಳ್ಳುತ್ತಾರೆ ಅಂದುಕೊಂಡೆ. ಅದನ್ನು ಎಳೆದು ತೆಗೆದು ಮನೆಯ ಹಿಂದಕ್ಕೆ ಒಯ್ದು, ಕಾಣದ ಹಾಗೆ ಮೂಲೆಗೆ ಒರಗಿಸಿ ಬಂದೆ. ಯಾರನ್ನೂ ಕೇಳಲಿಲ್ಲ.

ಕೇಳುವುದೇನಿದೆ? ನಾನು ಬೆಳೆದದ್ದು ಹಾಗೆ. ನಾನು ಮೈಸೂರಿನ ಅಂಚಿನ ಬೋಗಾದಿಯವಳು, ಬಡಾವಣೆಗಳು ಬರುವ ಮೊದಲಿನ ಬೋಗಾದಿಯವಳು. ನಮ್ಮವ್ವ ಮೈಸೂರಿನ ರಸ್ತೆ ಗುಡಿಸುವ ಪೌರಕಾರ್ಮಿಕೆ. ಬೆಳಗ್ಗೆ ಊರನ್ನೆಲ್ಲ ಗುಡಿಸಿ ಬರುವವಳು ಮನೆಯ ಪೊರಕೆಯನ್ನು ಹಿಂಬಾಗಿಲ ಸಂದಿಯಲ್ಲಿ, ಗೋಣಿಚೀಲದ ಮರೆಯಲ್ಲಿ ಇಡುತ್ತಾಳೆ. “ಬಂದೋರ ಕಣ್ಗೆ ಬೀಳ್ಬಾರ್ದು ಕಣ್ಮಗ” ಎನ್ನುತ್ತಾಳೆ. ಪೊರಕೆ ಎಲ್ಲರ ಮನೆಯಲ್ಲೂ ಮರೆಯಲ್ಲೇ ಇರುತ್ತದಲ್ಲ ಎಂದು ನೀವು ಹೇಳಬಹುದು. ನಿಜ. ನಿಮ್ಮ ಮನೆಯಲ್ಲಿ ಅದು ಲಕ್ಷ್ಮಿ ಎಂದು ಮರೆಯಲ್ಲಿಡುತ್ತೀರಿ. ನಮ್ಮ ಮನೆಯಲ್ಲಿ ಕಾರಣ ಬೇರೆ.

ನರ್ಸಿಂಗ್ ಓದಿ, ಜರ್ಮನ್ ಕಲಿತು, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಬಂದೆ. ಬಾಡಿಗೆ ಮನೆಗೆ ಫೋನು ಮಾಡಿದರೆ, ನನ್ನ ಜರ್ಮನ್ ಕೇಳಿದ ಕೂಡಲೇ ಮನೆ “ಈಗಷ್ಟೇ” ಹೋಗಿಬಿಟ್ಟಿರುತ್ತಿತ್ತು. ಕೊನೆಗೆ ಸಿಕ್ಕಿದ್ದು ಇಳಿಜಾರು ಸೂರಿನ ಕೆಳಗಿನ ಒಂದು ರೂಮು, ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಬಂದ ಮೊದಲ ವಾರವೇ ನನ್ನ ಬಾಗಿಲಿಗೆ ಒಂದು ಮರದ ಹಲಗೆ ನೇತುಹಾಕಿದ್ದರು. “ಕೇರ್‌ವೋಖೆ” ಎಂದು ಬರೆದಿತ್ತು. ಗುಡಿಸುವ ವಾರ ಎಂದು ಅರ್ಥ. ಮೆಟ್ಟಿಲು, ಅಂಗಳ, ಎದುರಿನ ಕಾಲುದಾರಿ, ಎಲ್ಲ ನಾನೇ ಗುಡಿಸಬೇಕು. ನನಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರ ದಾಟಿ ಬಂದರೂ ಇದು ಬೆನ್ನು ಬಿಡಲಿಲ್ಲವಲ್ಲ, ಯಾರು ಹೇಳಿದರು ಇವರಿಗೆ ನನ್ನ ಮನೆಯ ಸುದ್ದಿ, ಎಂದು ಹಲ್ಲು ಕಚ್ಚಿಕೊಂಡು ಗುಡಿಸಿದೆ. ಮುಂದಿನ ವಾರ ಅದೇ ಹಲಗೆ ಕೆಳಗಿನ ಮನೆಯ ಡಾಕ್ಟರ ಬಾಗಿಲಲ್ಲಿತ್ತು. ದೊಡ್ಡ ಹೊಟ್ಟೆಯ ಆ ಡಾಕ್ಟರು ಬಗ್ಗಿ ಬಗ್ಗಿ ಮೆಟ್ಟಿಲು ಗುಡಿಸುವುದನ್ನು ನಾನು ನಿಂತು ನೋಡಿದೆ. ಅವ್ವನಿಗೆ ಫೋನು ಮಾಡಿದರೆ ಅವಳು ನಂಬಲೇ ಇಲ್ಲ. “ಡಾಕ್ಟ್ರಾ? ಸುಮ್ಕಿರು, ಸುಳ್ಳೇಳ್ಬ್ಯಾಡ.”

ಹಾಗೆಂದು ಇದೇನೂ ಸ್ವರ್ಗವಲ್ಲ. ನಮ್ಮ ಆಶ್ರಮದ ಒಬ್ಬ ಅಜ್ಜಿ ನಾನು ಹಿಡಿದೆಬ್ಬಿಸಿದ ಕೈಯನ್ನು ದಿನವೂ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾರೆ. ಇರಲಿ, ಅದಕ್ಕೆ ನಾನು ಉತ್ತರ ಕೊಡಬಲ್ಲೆ. ತಡೆಯಲಾಗದ್ದು ಕನ್ನಡವಿಲ್ಲದ ದಿನಗಳು. ರಜೆಯ ದಿನ ಇಡೀ ಹೊತ್ತು ಬಾಯಿಯೇ ತೆರೆಯದೆ ಸಂಜೆಯಾಗುತ್ತಿತ್ತು. ಆದ್ದರಿಂದಲೇ ಕೆಲವು ಕನ್ನಡದವರು ಭಾನುವಾರ ಸೇರಿ ಗುಡ್ಡ ಹತ್ತಲು ಹೋಗುತ್ತಾರೆಂದು ತಿಳಿದಾಗ ಕುಣಿದುಬಿಟ್ಟೆ. ಇಲ್ಲಿ ಇದಕ್ಕೆ “ವಾಂಡರ್ನ್” ಎನ್ನುತ್ತಾರೆ. ಬಸ್ಸು ಹತ್ತು, ಕೊನೆಯ ಸ್ಟಾಪಿನಲ್ಲಿ ಇಳಿ, ಮರಕ್ಕೂ ಕಲ್ಲಿಗೂ ಬಳಿದ ಬಣ್ಣದ ಗುರುತು ನೋಡಿಕೊಂಡು ನಡಿ, ಇಷ್ಟೇ. ಈ ಗುಡ್ಡಗಳು ನಮ್ಮ ಚಾಮುಂಡಿ ಬೆಟ್ಟದ ಮುಂದೆ ಏನೂ ಅಲ್ಲ. ಆದರೆ ದಾರಿ ಯಾರದೋ ದ್ರಾಕ್ಷಿ ತೋಟದ ನಟ್ಟನಡುವೆ ಹೋಗುತ್ತದೆ, ಗೊಂಚಲು ಕೈಗೆ ತಾಗುತ್ತದೆ, ಮತ್ತು ಯಾರೂ ನೀನು ಯಾರ ಮಗಳು, ಇಲ್ಲೇನು ಕೆಲಸ ಎಂದು ಕೇಳುವುದಿಲ್ಲ. ಬೋಗಾದಿಯಲ್ಲಿ ನಾವು ಹೊಲಕ್ಕೆ ಹೋಗುತ್ತಿದ್ದ ಕಾಲುದಾರಿಗೆ ಈಗ ಬಡಾವಣೆಯ ಗೇಟು ಬಿದ್ದಿದೆ. ಅಲ್ಲಿ ಕೂತವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ್ ಮನೆ ಕೆಲ್ಸಕ್ಕಮ್ಮ?” ಎಂದು ಕೇಳಿದ್ದ.

ಆ ಭಾನುವಾರದ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ರಘುನಂದನ್, ಗುಂಪಿಗೆ ಹಿರಿಯರು, ಮೈಸೂರಿನವರೇ. ಅವರ ತಾತ ಅರಮನೆಯಲ್ಲಿ ಕೆಲಸದಲ್ಲಿದ್ದರಂತೆ, ಅದನ್ನು ಅವರು ಮೊದಲ ಐದು ನಿಮಿಷದಲ್ಲೇ ಹೇಳಿದರು.

“ಬೋಗಾದಿನಾ? ಬೋಗಾದೀಲಿ ಎಲ್ಲಿ? ಲೇಔಟಾ, ಊರೊಳಗಾ?”

ಇದು ವಿಳಾಸ ಕೇಳುವ ಪ್ರಶ್ನೆಯಲ್ಲ, ಜಾತಿ ಕೇಳುವ ಪ್ರಶ್ನೆ ಎಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

“ಊರೊಳಗೇ ಸಾರ್.”

“ಓಹೋ. ತಾಯಿಯವರು?”

“ಪೌರಕಾರ್ಮಿಕರು.”

ಅವರು ತಲೆಯಾಡಿಸಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇರ್‌ವೋಖೆಯ ಮಾತೆತ್ತಿದರು. “ನಾನೇ ಗುಡಿಸ್ತೀನಿ ಕಣ್ರೀ, ಒಂದು ವಾರನೂ ತಪ್ಪಿಸಿಲ್ಲ. ಡಿಸಿಪ್ಲಿನ್ ಅಂದ್ರೆ ಇದು. ನಮ್ಮ ಜನಕ್ಕೆ ಯಾವಾಗ ಬರುತ್ತೆ ಹೇಳಿ?” ಎಲ್ಲರೂ ಹೌದೌದು ಎಂದರು. ನಾನೂ ಹೌದು ಎಂದೆ. ಕನ್ನಡ ಕಿವಿಗೆ ಬೀಳುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ಈಗ ಪೊರಕೆಯ ಮನೆಗೆ ಬರುತ್ತೇನೆ. ನಾವು ಒಳಗೆ ಕೂತು ಆಲೂಗಡ್ಡೆ ಸಲಾಡ್ ತಿನ್ನುತ್ತಿದ್ದೆವು, ಹುಳಿ ಹಿಂಡಿದ ತಣ್ಣನೆಯ ಪಲ್ಯದ ಹಾಗಿತ್ತು. ಕಿಟಕಿಯಲ್ಲಿ ನೋಡಿದರೆ ಜನ ಗೇಟಿನವರೆಗೆ ಬರುತ್ತಾರೆ, ಗೋಡೆ ನೋಡುತ್ತಾರೆ, ತಿರುಗಿ ಹೋಗುತ್ತಾರೆ. ಮನೆಯೊಡತಿಗೂ ಅನುಮಾನ ಬಂತು. ಹೊರಗೆ ಹೋದವಳು ಕೂಗುತ್ತಾ ಬಂದಳು, “ನನ್ನ ಬೇಜನ್ ಎಲ್ಲಿ? ಯಾರು ತೆಗೆದರು?” ಬೇಜನ್ ಎಂದರೆ ಪೊರಕೆ. ನಾನು ದೊಡ್ಡ ಉಪಕಾರ ಮಾಡಿದವಳಂತೆ ಎದ್ದು, ಹಿಂದೆ ಮರೆಯಲ್ಲಿ ಇಟ್ಟಿದ್ದೇನೆ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ದ್ರಾಕ್ಷಿ ಬೆಳೆಯುವವರು ವರ್ಷದಲ್ಲಿ ಕೆಲವು ವಾರ ತಮ್ಮ ಮನೆಯಲ್ಲೇ ಸ್ವಂತ ವೈನು, ಊಟ ಮಾರುತ್ತಾರಂತೆ. ಬಾಗಿಲಲ್ಲಿ ಪೊರಕೆ ಇದ್ದರೆ ಮನೆ ತೆರೆದಿದೆ, ಯಾರು ಬೇಕಾದರೂ ಬನ್ನಿ ಎಂದು ಅರ್ಥ. ಇಲ್ಲದಿದ್ದರೆ ಮುಚ್ಚಿದೆ. ನಾನು ಅವಳ ಮನೆ ಮುಚ್ಚಿಸಿಬಿಟ್ಟಿದ್ದೆ! ನನಗೂ ನಗು ಬಂತು, ಕ್ಷಮೆ ಕೇಳಿದೆ.

ಆಗ ರಘುನಂದನ್ ನಗುತ್ತಲೇ ಕನ್ನಡದಲ್ಲಿ ಹೇಳಿದರು. “ಪೊರಕೆ ಕಂಡ ತಕ್ಷಣ ಕೈ ಹೋಯ್ತು ನೋಡಿ. ರಕ್ತದಲ್ಲೇ ಇರುತ್ತೆ ಕಣ್ರೀ, ಎಲ್ಲಿಗೆ ಹೋದ್ರೂ ಬಿಡಲ್ಲ.”

ಇಬ್ಬರು ನಕ್ಕರು. ಉಳಿದವರು ತಟ್ಟೆ ನೋಡಿಕೊಂಡರು. ಎಷ್ಟೋ ದಿನದಿಂದ ಕನ್ನಡಕ್ಕಾಗಿ ಬಾಯಿಬಿಟ್ಟುಕೊಂಡು ಕಾದಿದ್ದೆನಲ್ಲ, ಸಿಕ್ಕಿತು ನೋಡಿ ಕನ್ನಡ! ಸುಮ್ಮನಿದ್ದರೆ ಮುಂದಿನ ಭಾನುವಾರವೂ ಇವರ ಜೊತೆ ಬಸ್ಸು ಹತ್ತಬಹುದು, ಮಾತಾಡಬಹುದು, ನಗಬಹುದು. ಮಾತಾಡಿದರೆ ಈ ಊರಿನಲ್ಲಿ ನನಗೆ ಕನ್ನಡವೇ ಇಲ್ಲ. ಇದೆಲ್ಲ ಗೊತ್ತಿದ್ದೇ ಎದ್ದು ನಿಂತೆ.

“ಬೆಳಗ್ಗೆ ಬಸ್ಸಲ್ಲಿ ಏನಂದ್ರಿ ಸಾರ್? ನೀವು ಗುಡಿಸಿದ್ರೆ ಡಿಸಿಪ್ಲಿನ್ನು. ನಮ್ಮವ್ವ ಗುಡಿಸಿದ್ರೆ ರಕ್ತವಾ?”

“ಅಯ್ಯೋ, ತಮಾಷೆಗೆ ಅಂದೆ ಕಣಮ್ಮ. ಇಷ್ಟಕ್ಕೆಲ್ಲ ಸಿಟ್ಟು ಮಾಡ್ಕೋತಾರಾ?”

“ಮಾಡ್ಕೋತಾರೆ ಸಾರ್. ನಾನು ಮಾಡ್ಕೊಂಡಿದ್ದೀನಿ.”

ಏನಾಯಿತು ಎಂದು ಮನೆಯೊಡತಿ ಕೇಳಿದಳು. ಯಾರೋ ಏನಿಲ್ಲ, ಜೋಕು ಎಂದರು. ನಾನು ನನ್ನ ಮುರುಕು ಜರ್ಮನ್‌ನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. “ಅಮ್ಮ ರಸ್ತೆ ಗುಡಿಸುತ್ತಾರಾ? ಸರಿ. ಅದರಲ್ಲಿ ಜೋಕು ಎಲ್ಲಿದೆ?” ಎಂದು ರಘುನಂದನ್ ಅವರನ್ನೇ ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಅವರು ನೀರು ಕುಡಿದರು. ನಾನು ಹಿಂದಿನಿಂದ ಪೊರಕೆ ತಂದು, ಕಡ್ಡಿ ಮೇಲಾಗಿ ಗೋಡೆಗೆ ಸಿಕ್ಕಿಸಿ, ಒಬ್ಬಳೇ ಗುಡ್ಡ ಇಳಿದೆ. ದಾರಿಯುದ್ದಕ್ಕೂ ಬೈದುಕೊಂಡೆ, ಅಳುತ್ತಾ ಬೈದುಕೊಂಡೆ. ಆ ಸಂಜೆ ಗುಂಪಿನಲ್ಲಿ “ದೊಡ್ಡದು ಮಾಡ್ಬೇಡಿ” ಎಂದು ಒಂದು ಮೆಸೇಜು ಬಂತು. ಗುಂಪು ಬಿಟ್ಟೆ. ಭಾನುವಾರಗಳು ಮತ್ತೆ ಮೂಕವಾದವು. ಗುಡ್ಡಗಳನ್ನು ಮಾತ್ರ ಬಿಡಲಿಲ್ಲ, ಒಬ್ಬಳೇ ಬಸ್ಸು ಹತ್ತುತ್ತೇನೆ.

ಈಗ ರಜೆಗೆ ಬಂದಿದ್ದೇನೆ, ಬೋಗಾದಿಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದ ಮರುದಿನವೇ ಅವ್ವ ಕೆಲಸಕ್ಕೆ ಹೋಗಿದ್ದಾಗ ಗೋಣಿಚೀಲದ ಹಿಂದಿನ ಪೊರಕೆ ತೆಗೆದು, ಮುಂಬಾಗಿಲ ಮೊಳೆಗೆ ಕಡ್ಡಿ ಮೇಲಾಗಿ ಕಟ್ಟಿದೆ. ಹಬ್ಬದ ತೋರಣ ಕಟ್ಟಿದಷ್ಟು ಖುಷಿಯಿಂದ ಕಟ್ಟಿದೆ. ಅವ್ವ ಬಂದು ಬಾಗಿಲಲ್ಲೇ ನಿಂತಳು. ಎಲ್ಲ ಹೇಳಿದೆ, ರಘುನಂದನ್ ಮಾತನ್ನೂ ಹೇಳಿದೆ.

“ಸರ್ಯಾಗ್ ಕೇಳ್ದೆ ಬುಡು” ಎಂದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಕೈಯೆತ್ತಿ ಗಂಟು ಬಿಚ್ಚತೊಡಗಿದಳು.

“ಇರ್ಲಿ ಬುಡವ್ವ. ನೋಡೋರು ನೋಡ್ಲಿ.”

“ನೀನು ಬುಧವಾರ ವೊಂಟೋಯ್ತೀಯ ಕಣ್ಮಗ. ನಾನಿಲ್ಲೇ ಇರ್ಬೇಕು.”

ಗಂಟನ್ನು ಬಿಗಿಯಾಗಿ ಹಾಕಿದ್ದೆ, ಅವಳ ಬೆರಳಿಗೆ ಬಿಚ್ಚಲು ಬರುತ್ತಿರಲಿಲ್ಲ. ಕೊನೆಗೆ ನಾನೇ ಹೋಗಿ ಬಿಚ್ಚಿಕೊಟ್ಟೆ.