ನೀರು ನಿಲ್ಲಿಸಿದವಳು

ಕಳೆದ ವಾರ ಪುತ್ತೂರಿನಿಂದ ಸವಣೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ. ದರ್ಬೆ ದಾಟುವ ಹೊತ್ತಿಗೆ ಆ ಚೀಲದಿಂದ ವಾಸನೆ ಏಳತೊಡಗಿತು. ನೆನೆಸಿದ ಬೀಡಿ ಎಲೆಯ ಒಗರು, ಅದರೊಳಗೆ ಹೊಗೆಸೊಪ್ಪಿನ ಘಾಟು.

"ಈಗಲೂ ಕಟ್ಟುದುಂಟಾ?" ಎಂದು ಕೇಳಿದೆ.

"ಕೈ ಸುಮ್ಮನೆ ಕೂರುದಿಲ್ಲ ಮಗಾ," ಎಂದಳು.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ವಾಸನೆ ನನಗೆ ಒಬ್ಬಳದೇ. ಅವಳು ಸತ್ತು ನಾಲ್ಕು ವರ್ಷವಾಯಿತು. ಅವಳ ವಿಷಯವನ್ನು ನಾನು ಈವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಅವಳು ನಮ್ಮ ಆಚೆಮನೆಯವಳು. ವಯಸ್ಸಿನಲ್ಲಿ ನನ್ನ ಅಮ್ಮನಿಗಿಂತ ನಾಲ್ಕೈದು ವರ್ಷ ಸಣ್ಣವಳಾದರೂ ಅಮ್ಮನಿಗೂ ಅಕ್ಕ, ನನಗೂ ಅಕ್ಕ, ಇಡೀ ಊರಿಗೆ ಬೀಡಿ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಎಲೆ ಹೊಗೆಸೊಪ್ಪು ತುಂಬಿದ ಮೊರವನ್ನು ಎತ್ತಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದಳು. ಕಾಲು ಚಾಚಿ ಕೂತು, ಮೊರ ತೊಡೆಯ ಮೇಲಿಟ್ಟು ಕಟ್ಟುತ್ತಿದ್ದಳು. ಕಣ್ಣು ಮೊರದ ಮೇಲೆ ಇರುತ್ತಲೇ ಇರಲಿಲ್ಲ. ನನ್ನ ಕೈಗೆ ಹಿಂದಿನ ದಿನದ ಪೇಪರು ಕೊಟ್ಟು ಓದಿಸುತ್ತಿದ್ದಳು. ಮನೆಯಲ್ಲಿ ನಾವೆಲ್ಲ ಆಡುತ್ತಿದ್ದುದು ತುಳು. ನನ್ನ ಬಾಯಿಯಲ್ಲಿ ಕನ್ನಡ ಕೂತದ್ದು ಶಾಲೆಗಿಂತ ಹೆಚ್ಚಾಗಿ ಆ ಜಗಲಿಯಲ್ಲಿ. ನಾನು 'ಹಳ್ಳಿ'ಯನ್ನು 'ಹಲ್ಲಿ' ಎಂದರೆ ಅವಳು ಬೀಡಿಗೆ ಸುತ್ತುತ್ತಿದ್ದ ನೂಲನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಸರಿ ಮಾಡಿ ಓದುವವರೆಗೆ ಆ ಬೀಡಿ ಅರ್ಧಕ್ಕೇ ಇರುತ್ತಿತ್ತು.

ಓದಿದ್ದು ಏಳನೆಯ ತರಗತಿ. ಆದರೆ ಊರಿನ ಅರ್ಧ ಅರ್ಜಿಗಳು ಅವಳ ಕೈಯವೇ. ವಿಧವಾ ವೇತನ, ರೇಶನ್ ಕಾರ್ಡು, ಬಿದ್ದ ಗೋಡೆಯ ಪರಿಹಾರ... ಒಂದು ಸಲ ನಮ್ಮ ವಾರ್ಡಿನ ಪಂಚಾಯತ್ ಸೀಟು ಮಹಿಳೆಯರಿಗೆ ಬಂದಾಗ ಊರಿನವರೇ ಅವಳನ್ನು ನಿಲ್ಲಿಸಿದರು. ಮೆರವಣಿಗೆ ಇಲ್ಲ, ಬ್ಯಾನರ್ ಇಲ್ಲ. ಮನೆಮನೆಗೆ ನಡೆದು ಹೋಗಿ ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು ಬೆಲ್ಲ ತಿಂದು ಬಂದಳು, ಗೆದ್ದಳು. ಗೆದ್ದ ಮರುದಿನವೂ ಮಧ್ಯಾಹ್ನ ಮೊರ ಹಿಡಿದು ನಮ್ಮ ಜಗಲಿಗೆ ಬಂದಿದ್ದಳು.

ಊರಿನ ಮೇಲಿನ ಗುಡ್ಡದಲ್ಲಿ ಆಗ ಮುರಕಲ್ಲಿನ ಕೋರೆ ಜೋರಾಗಿತ್ತು. ಕಡಿದ ಕೆಂಪು ಕಲ್ಲು ಲಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಕೋರೆ ಒಬ್ಬ ಧಣಿಯದು. ಅವರಿಗೆ ಲಾರಿಗಳಿದ್ದವು, ಪುತ್ತೂರಿನಲ್ಲಿ ಕಟ್ಟಡವಿತ್ತು, ಕಡಬದ ಕಡೆ ರಬ್ಬರ್ ತೋಟವಿತ್ತು. ಗುಡ್ಡ ಇಳಿದ ಹಾಗೆ ಕೆಳಗಿನ ಮನೆಗಳ ಬಾವಿಗಳೂ ಇಳಿದವು. ಫೆಬ್ರವರಿಗೇ ತಳ ಕಾಣುವ ಹಾಗಾಯಿತು. ಮಳೆಯ ನೀರು ಹಿಡಿಯುವ ಕಲ್ಲೇ ಇಲ್ಲದ ಮೇಲೆ ಬಾವಿಯಲ್ಲಿ ನೀರು ಎಲ್ಲಿಂದ ನಿಲ್ಲಬೇಕು ಎಂದು ಅಕ್ಕ ಪಂಚಾಯತಿನಲ್ಲಿ ಕೇಳಿದಳು. ಉತ್ತರ ಸಿಗಲಿಲ್ಲ. ಅರ್ಜಿ ಬರೆದಳು. ಪುತ್ತೂರಿನ ಕಚೇರಿಗಳಿಗೆ ಅಲೆದಳು. ಒಂದು ವರ್ಷದ ಮೇಲೆ ಯಾರೋ ಒಬ್ಬ ಒಳ್ಳೆಯ ಅಧಿಕಾರಿ ಬಂದು ಗುಡ್ಡ ನೋಡಿದರು. ಕೋರೆಗೆ ಬೀಗ ಬಿತ್ತು.

ಆ ದಿನ ಅವಳಲ್ಲಿ ಎಂಥ ಸಂತೋಷ ಇತ್ತು... ಆದರೆ ಬತ್ತಿದ ಬಾವಿ ಒಂದು ಮಳೆಗೆ ತುಂಬುವುದಿಲ್ಲ. ಕೋರೆಯಲ್ಲಿ ದುಡಿಯುತ್ತಿದ್ದ ಊರಿನ ಗಂಡಸರು ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಅಕ್ಕ ಓಡಾಡಿ ಮಂಜೂರು ಮಾಡಿಸಿದ ನೀರಿನ ಪೈಪು ಕಾಗದದಲ್ಲಿ ನಿಧಾನ ಬರುತ್ತಿತ್ತು. ಅಷ್ಟರಲ್ಲಿ ಧಣಿಯ ಟ್ಯಾಂಕರು ರಸ್ತೆಯಲ್ಲಿ ಬಂತು.

ಧರ್ಮಕ್ಕೆ ನೀರು. ವಾರಕ್ಕೆ ಮೂರು ದಿನ. ಟ್ಯಾಂಕರಿನ ಎರಡೂ ಬದಿಯಲ್ಲಿ ಧಣಿ ಕೈಮುಗಿದು ನಿಂತ ಫ್ಲೆಕ್ಸು, ಕೆಳಗೆ 'ಬಾಯಾರಿದವರ ಬಂಧು'. ಆ ಫ್ಲೆಕ್ಸು ಮಾಡಿದವಳು ನಾನು.

ಪುತ್ತೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಆಗಲೂ ಕೆಲಸದಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಮದುವೆ, ಗೃಹಪ್ರವೇಶ, ಉರೂಸು, ಬ್ರಹ್ಮಕಲಶ, ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ ಹುಟ್ಟುತ್ತವೆ. ಧಣಿಯ ಕೆಲಸ ತರುತ್ತಿದ್ದವರು ಅವರ ಕೋರೆಯ ಲೆಕ್ಕ ಬರೆಯುವ ರೈಟರು. ಸಣ್ಣ ದನಿಯ, ಮರ್ಯಾದೆಯ ಮನುಷ್ಯ. ಊರಿಗೆ ನೀರು ಬರುತ್ತದಲ್ಲ ಎಂದು ನಾನು ಚಂದ ಮಾಡಿಯೇ ಕೊಟ್ಟೆ. ನಮ್ಮ ಅಮ್ಮನೂ ಆ ನೀರು ಹಿಡಿಯುತ್ತಿದ್ದಳು.

ಮುಂದಿನ ಚುನಾವಣೆಗೆ ಸೀಟು ಎಲ್ಲರಿಗೂ ತೆರೆಯಿತು. ಧಣಿ ತಾವೇ ನಿಂತರು. ಅಷ್ಟು ದೊಡ್ಡವರಿಗೆ ಪಂಚಾಯತ್ ಸೀಟು ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಅವರು ಉತ್ತರ ಹೇಳುತ್ತಿದ್ದರು. ನಾನು ರಾಜಕೀಯದವನಲ್ಲ, ನಿಮ್ಮ ಮನೆಯ ಮಗ, ನನ್ನಲ್ಲಿ ದೇವರು ಕೊಟ್ಟದ್ದು ಉಂಟು, ನನಗೆ ಪಂಚಾಯತಿನದ್ದು ತಿನ್ನುವ ಗತಿ ಬಂದಿಲ್ಲ. ಜನಕ್ಕೆ ಈ ಮಾತು ಬಹಳ ಹಿಡಿಸಿತು. ನಮ್ಮ ಅಮ್ಮ ಕೂಡ ಒಂದು ದಿನ ಅದನ್ನೇ ಹೇಳಿದಳು: "ಹೊಟ್ಟೆ ತುಂಬಿದವ ಕದಿಯುದಿಲ್ಲ ಅಲ್ವಾ." ಗುಡ್ಡ ಎಲ್ಲಿ ಹೋಯಿತು ಎಂದು ನಾನು ಅಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಅಕ್ಕನೂ ನಿಂತಳು. ನಿಂತವಳು ಸುಮ್ಮನೆ ಇರಲಿಲ್ಲ, ಚುನಾವಣಾಧಿಕಾರಿಗೆ ಒಂದು ಅರ್ಜಿ ಕೊಟ್ಟಳು. ಅದನ್ನು ಕೊಡುವ ಮೊದಲು ನನಗೆ ಓದಿ ಹೇಳಿದ್ದಳು. ನೀರು ನಿಲ್ಲಿಸಬಾರದು, ಜನರಿಗೆ ನೀರು ಬೇಕು, ಆದರೆ ಚುನಾವಣೆ ಮುಗಿಯುವವರೆಗೆ ಟ್ಯಾಂಕರಿನ ಮೇಲಿನ ಚಿತ್ರ ತೆಗೆಸಬೇಕು. ಇಷ್ಟೇ ಇತ್ತು ಅದರಲ್ಲಿ. ಅಧಿಕಾರಿಯೂ ಧಣಿಗೆ ಅಷ್ಟೇ ಹೇಳಿದರಂತೆ. ಆ ಫ್ಲೆಕ್ಸು ಕಟ್ಟಿದ್ದು ನಾಲ್ಕು ಹಗ್ಗದಲ್ಲಿ. ಬಿಚ್ಚಲಿಕ್ಕೆ ಎರಡು ನಿಮಿಷ ಸಾಕು.

ಧಣಿ ಚಿತ್ರ ಬಿಚ್ಚಲಿಲ್ಲ. ಟ್ಯಾಂಕರನ್ನೇ ನಿಲ್ಲಿಸಿದರು.

ಏಪ್ರಿಲಿನ ಸೆಕೆ. ಅವರು ನಮ್ಮ ವಾರ್ಡಿನ ಕಾಲನಿಯ ತಿರುವಿನಲ್ಲಿ ಕಾರಿನಿಂದಿಳಿದು, ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರಿಗೆ ಕೈಮುಗಿದು ಹೇಳಿದರು: "ನಾನೆಂತ ಮಾಡುದು ಅಮ್ಮಾ, ಕಾನೂನು. ಅಕ್ಕ ಕಂಪ್ಲೇಂಟ್ ಕೊಟ್ಟಿದ್ದಾರೆ. ನನ್ನ ಮೇಲಿನ ಸಿಟ್ಟನ್ನು ನಿಮ್ಮ ನೀರಿನ ಮೇಲೆ ತೀರಿಸ್ತಾರೆ."

ಎರಡು ದಿನ ಬಿಟ್ಟು ರೈಟರು ಅಂಗಡಿಗೆ ಬಂದರು. ಕೈಬರಹದ ಒಂದು ಕಾಗದ ಕೊಟ್ಟರು, ಕರಪತ್ರ ಮಾಡಬೇಕಂತೆ. ಒಂದೂವರೆ ಪುಟ ಉದ್ದಕ್ಕೆ ಏನೇನೋ ಬರೆದಿದ್ದರು.

"ಇಷ್ಟು ಉದ್ದ ಯಾರು ಓದ್ತಾರೆ? ನೀವು ಓದಿದವರು, ಸ್ವಲ್ಪ ಗಿಡ್ಡ ಮಾಡಿ ಕೊಡಿ ಮಾರಾಯ್ರೆ," ಎಂದರು.

ನಾನು ಮಾಡಿ ಕೊಟ್ಟೆ. ಯಾರೂ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಇದು ನಮ್ಮ ಅಂಗಡಿಯ ಕೆಲಸ ಅಲ್ಲ, ಬೇರೆ ಕಡೆ ಮಾಡಿಸಿ ಎನ್ನಬಹುದಿತ್ತು. ಅಂಗಡಿಯ ಯಜಮಾನರು ಬೈಯುತ್ತಿದ್ದರು, ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಒಂದೂವರೆ ಪುಟವನ್ನು ನಾನು ಒಂದೇ ಸಾಲಿಗೆ ಇಳಿಸಿದೆ. 'ನೀರು ನಿಲ್ಲಿಸಿದವಳಿಗೆ ನಿಮ್ಮ ಓಟೇ?' ಕೆಳಗೆ ಒಂದು ಖಾಲಿ ಕೊಡದ ಚಿತ್ರ. ರೈಟರು ಪರದೆ ನೋಡಿ, "ಇದು ಸರಿಯಾಯ್ತು," ಎಂದರು. ಆ ಕ್ಷಣ ನನಗೆ ಸಣ್ಣ ಹೆಮ್ಮೆಯೂ ಆಗಿತ್ತು ಎಂಬುದನ್ನು ಇಲ್ಲಿ ಬಚ್ಚಿಡುವುದಿಲ್ಲ.

ಕರಪತ್ರ ಮನೆಮನೆಗೆ ಮುಟ್ಟಿದ ಮೇಲಿನ ಆದಿತ್ಯವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಅಕ್ಕನ ಬೇಲಿಯ ಉದ್ದಕ್ಕೂ ಖಾಲಿ ಕೊಡಗಳು. ಯಾರೂ ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೊಡ ಇಟ್ಟು ರಸ್ತೆಯ ಆ ಬದಿಯಲ್ಲಿ ನಿಂತಿದ್ದರು. ಸಾಲಿನ ನಡುವೆ ನಮ್ಮ ಮನೆಯ ಹಸಿರು ಕೊಡವೂ ಇತ್ತು.

ಅಕ್ಕ ಹೊರಗೆ ಬಂದಳು. ಕೊಡಗಳನ್ನು ನೋಡಿದಳು. ಅವಳ ಬಾವಿಯಲ್ಲಿ ಉಳಿದಿದ್ದುದು ಮೊಣಕಾಲಷ್ಟು ನೀರು. ಹಗ್ಗ ಇಳಿಸಿ ಸೇದಲು ಶುರು ಮಾಡಿದಳು. ಒಂದೊಂದು ಕೊಡಕ್ಕೆ ಸ್ವಲ್ಪ ಸ್ವಲ್ಪ ಹೊಯ್ದಳು. ಕೊನೆಗೆ ಬಾವಿಯಿಂದ ಕೆಸರು ಬಂತು. ಆಗ ಹಗ್ಗ ಸುತ್ತಿಟ್ಟು ಒಳಗೆ ಹೋದಳು. ಹೆಂಗಸರು ರಸ್ತೆ ದಾಟಿ ಬಂದು ತಮ್ಮ ತಮ್ಮ ಕೊಡ ಎತ್ತಿಕೊಂಡು ಹೋದರು. ಆ ದಿನ ನಮ್ಮ ಮನೆಯ ಅನ್ನ ಬೆಂದದ್ದು ಆ ನೀರಿನಲ್ಲಿ.

ಸಂಜೆ ನಾನು ಅವಳಲ್ಲಿಗೆ ಹೋದೆ. ಯಾಕೆ ಹೋದೆನೋ... ಹೇಳಿಬಿಡಬೇಕು ಅಂತಲೇ ಇರಬೇಕು. ಅವಳು ಗೋಡೆಗೆ ಒರಗಿ ಕೂತಿದ್ದಳು. ಕರಪತ್ರ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಎತ್ತಿ ನನ್ನ ಕಡೆ ಚಾಚಿದಳು.

"ಇದರಲ್ಲಿ ಒಂದೂ ಅಕ್ಷರ ತಪ್ಪಿಲ್ಲ," ಎಂದಳು. "ಬೇರೆಯವರದ್ದೆಲ್ಲ ನೋಡು, ಲ ಯಾವುದು ಳ ಯಾವುದು ಗೊತ್ತಿಲ್ಲ. ಇದು ಚಂದ ಉಂಟು."

ನಾನು ಅದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೆ. ಅವಳೇ ಕೇಳಿದಳು: "ಚಾ ಕುಡಿತಿಯಾ? ಹಾಲಿಲ್ಲ. ನೀರೂ ಕೆಸರು."

ಅದರ ನಂತರ ಆ ವಿಷಯ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ನನ್ನ ಓಟು ಅವಳಿಗೇ ಹಾಕಿದೆ. ಅದರಿಂದ ಎಲ್ಲ ಸರಿಹೋಗುತ್ತದೆ ಎಂದು ನಂಬಲು ಪ್ರಯತ್ನ ಮಾಡಿದೆ. ನನ್ನದು ಒಂದು ಓಟು. ನಾನು ಬರೆದ ಒಂದು ಸಾಲಿಗೆ ಎಷ್ಟು ಓಟು ಹೋಯಿತೋ ಯಾರು ಬಲ್ಲರು. ಅಕ್ಕ ಸೋತಳು, ಸ್ವಲ್ಪದರಲ್ಲಿ ಅಲ್ಲ. ಎಣಿಕೆ ಮುಗಿಯುವ ಮೊದಲೇ ಪಟಾಕಿ ಕೇಳಿಸಿತು. ಮರುದಿನ ಟ್ಯಾಂಕರು ಬಂತು, ಚಿತ್ರ ಹಾಗೆಯೇ ಇತ್ತು. ಮಳೆಗಾಲ ಕಳೆದ ಮೇಲೆ ಆಟದ ಮೈದಾನಕ್ಕೆ ಗುಡ್ಡ ಸಮ ಮಾಡುತ್ತೇವೆ ಎಂದು ಪಂಚಾಯತ್ ನಿರ್ಣಯವಾಯಿತು. ಲಾರಿಗಳು ಮತ್ತೆ ಮೇಲೆ ಹತ್ತಿದವು. ಮೈದಾನ ಈವರೆಗೆ ಆಗಿಲ್ಲ. ಟ್ಯಾಂಕರು ಮೊದಲು ವಾರಕ್ಕೆ ಎರಡು ದಿನ, ಆಮೇಲೆ ಒಂದು ದಿನ, ಆಮೇಲೆ ಧಣಿಯ ಮನೆಗೆ ಹೋಗಿ ಕೇಳಿದವರಿಗೆ ಮಾತ್ರ ಎಂದಾಯಿತು. ಅಮ್ಮನೂ ಹೋಗಿ ಅವರ ಅಂಗಳದಲ್ಲಿ ನಿಂತು ಬಂದಳು. ಅಕ್ಕ ಹೋಗಲಿಲ್ಲ. ಕಾಲು ಮೈಲು ದೂರದ ತೋಡಿಗೆ ಇಳಿದು ನೀರು ಹೊತ್ತು ತರುತ್ತಿದ್ದಳು.

ಸೋತ ಮೇಲೆ ಅವಳು ನಮ್ಮ ಜಗಲಿಗೆ ಬರುವುದನ್ನು ಬಿಟ್ಟಳು. ಅರ್ಜಿ ಬರೆಸಲು ಯಾರೂ ಅವಳಲ್ಲಿಗೆ ಹೋಗಲಿಲ್ಲ, ಧಣಿಯ ಮನೆಯಲ್ಲೇ ಬರೆಯುವವರಿದ್ದರು. ಕೆಮ್ಮು ಮೊದಲಿನಿಂದಲೂ ಇತ್ತು, ಅದು ಎದೆಗೆ ಇಳಿಯಿತು. ಎರಡು ಸಲ ಪುತ್ತೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡನೇ ಸಲ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು, "ಪೈಪಿನ ಫೈಲು ಎಲ್ಲಿ ನಿಂತಿದೆಯೋ, ಒಮ್ಮೆ ವಿಚಾರಿಸಬೇಕು ಮಾರಾಯ್ತಿ," ಎಂದಳು. ಹೂಂ ಎಂದೆ. ವಿಚಾರಿಸಲಿಲ್ಲ. ಅದೇ ತಿಂಗಳು ಹೋದಳು.

ಮಧ್ಯಾಹ್ನ ಮಣ್ಣು ಮಾಡಿ ಬಂದು ಮರುದಿನ ಅಂಗಡಿಗೆ ಹೋದರೆ ರೈಟರು ನನಗೇ ಕಾಯುತ್ತಿದ್ದರು. ಶ್ರದ್ಧಾಂಜಲಿ ಫ್ಲೆಕ್ಸು ಬೇಕು, ಹತ್ತು ಅಡಿಯದು, ಊರಿನ ಬಸ್‌ಸ್ಟಾಪಿಗೆ. 'ಮಾಜಿ ಸದಸ್ಯೆ, ಹಿರಿಯ ಸಮಾಜ ಸೇವಕಿ'. ಎಡಗಡೆ ಧಣಿ ಕೈಮುಗಿದ ದೊಡ್ಡ ಚಿತ್ರ, ಮೂಲೆಯಲ್ಲಿ ಅಕ್ಕನದ್ದು. ಅವಳ ಚಿತ್ರ ಅವರಲ್ಲಿರಲಿಲ್ಲ. ನಾನೇ ನನ್ನ ಮೊಬೈಲಿನಿಂದ ಕೊಟ್ಟೆ. ಕೊಟ್ಟು, ಅವಳದ್ದನ್ನು ಸ್ವಲ್ಪ ದೊಡ್ಡದು ಮಾಡಿದೆ. ರೈಟರು ಪರದೆಯ ಹತ್ತಿರ ಬಗ್ಗಿ ನೋಡಿ, ಬಹಳ ಮೆತ್ತಗೆ ಹೇಳಿದರು: "ಅದು ಹೆಚ್ಚಾಯ್ತು. ಧಣಿಗಳ ಮುಖ ಸಣ್ಣ ಆಗ್ತದೆ."

ನಾನು ಅದನ್ನು ಸಣ್ಣ ಮಾಡಿದೆ. ಇಷ್ಟು ವರ್ಷ ಕಳೆದರೂ ಆ ಬೆರಳು ನನ್ನದೇ ಎಂದು ನಂಬಲಿಕ್ಕೆ ಆಗುವುದಿಲ್ಲ... ಆದರೂ ಮಾಡಿದವಳು ನಾನೇ.

ಬಸ್ಸಿನ ಆ ಮುದುಕಿ ಸವಣೂರಿನಲ್ಲಿ ಇಳಿದಳು. ನಾನೂ ಇಳಿದು ಮನೆಯ ಕಡೆ ನಡೆದೆ. ಈಗ ಮತ್ತೆ ಪಂಚಾಯತ್ ಚುನಾವಣೆ. ನಿನ್ನೆ ಮತದಾನ ಇತ್ತು. ಪಕ್ಕದ ವಾರ್ಡಿನವರು ಬೆಳಿಗ್ಗೆಯೇ ಶಾಲೆಯ ಮುಂದೆ ಸಾಲು ನಿಂತಿದ್ದರು. ನಮ್ಮ ವಾರ್ಡಿನ ಕೋಣೆಗೆ ಬೀಗ ಹಾಕಿತ್ತು. ಧಣಿ ಅವಿರೋಧವಾಗಿ ಆಯ್ಕೆಯಾಗಿದ್ದಾರೆ. ಅಭಿನಂದನೆಯ ಫ್ಲೆಕ್ಸು ಹೋದ ವಾರವೇ ನನ್ನ ಕೈಯಿಂದ ಹೋಗಿದೆ. ಈ ಸಲ ಕರಪತ್ರದ ಅಗತ್ಯವೂ ಬೀಳಲಿಲ್ಲ.

ಅಮ್ಮನಿಗೆ ಈಗ ಮರೆವು. ನಿನ್ನೆ ಬೆಳಿಗ್ಗೆ ಸೀರೆ ಬದಲಿಸಿ, ಓಟಿನ ಕಾರ್ಡು ಹಿಡಿದು ಜಗಲಿಗೆ ಬಂದು ಕೂತಿದ್ದಳು.

"ಹೊರಡುದಿಲ್ವಾ? ಬಿಸಿಲು ಏರ್ತದೆ."

"ಈ ಸಲ ನಮಗೆ ಓಟಿಲ್ಲ ಅಮ್ಮ."

"ಯಾಕೆ?"

"ಅವರ ಎದುರು ಯಾರೂ ನಿಲ್ಲಲಿಲ್ಲ."

ಅಮ್ಮ ಆಚೆಮನೆಯ ಬೇಲಿಯ ಕಡೆ ನೋಡಿದಳು.

"ಅವಳಿಗೆ ಹೇಳಬೇಕಿತ್ತು," ಎಂದಳು. "ಅವಳು ನಿಲ್ತಿದ್ದಳು."